ಕಟ್ಟಡ ಏಳುವ ಮುಂಚೆ ಒಂದು ಟ್ರೆಂಚ್

[ದೃಶ್ಯ: ಕೆಡವಿದ ಕಾರ್ಖಾನೆಯ ಜಾಗ. ಮೂಲೆಯಲ್ಲಿ ಜೆಸಿಬಿ.]

ನಮಸ್ಕಾರ. ಕಾರ್ಖಾನೆ ಕೆಡವಿ ಆಯ್ತು, ಅಪಾರ್ಟ್‌ಮೆಂಟಿನ ಪ್ಲಾನ್ ರೆಡಿ ಇದೆ. ಅಷ್ಟರಲ್ಲಿ ಪುರಾತತ್ವದವರು ಬಂದು, "ಸ್ವಲ್ಪ ಅಗೆದು ನೋಡಬೇಕು" ಅನ್ನುತ್ತಾರೆ. ಕಟ್ಟಿಸುವವರಿಗೆ ತಲೆನೋವು, ಅಲ್ವಾ?

ಇಂಗ್ಲೆಂಡಿನಲ್ಲಿ ಇದು ಮಾಮೂಲಿ. ನೆಲದಡಿ ಏನಿದೆ ಅನ್ನೋದನ್ನು ಅನುಮತಿ ಕೊಡುವ ಮುಂಚೆಯೇ ತಿಳಿದುಕೊಳ್ಳಬೇಕು ಎಂದು 1990ರಲ್ಲಿ ಅಲ್ಲಿನ ಸರ್ಕಾರ ಪಿಪಿಜಿ 16 ಎಂಬ ಮಾರ್ಗಸೂಚಿ ತಂದಿತು. ಅದರ ಜಾಗಕ್ಕೆ ಈಗ ಬೇರೆ ನಿಯಮ ಬಂದಿದೆ. ಪದ್ಧತಿ ಮಾತ್ರ ಹಾಗೇ ಇದೆ. ಖರ್ಚು ಸಾಮಾನ್ಯವಾಗಿ ಕಟ್ಟಿಸುವವರದ್ದೇ.

[ದೃಶ್ಯ: ಹಳೇ ನಕ್ಷೆಯ ಮೇಲೆ ಇಂದಿನ ಪ್ಲಾನ್.]

ಎಲ್ಲೆಂದರಲ್ಲಿ ಸುಮ್ನೆ ಅಗೆಯೋದಿಲ್ಲ. ಮೊದಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಹಳೇ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಕುಲುಮೆ ಎಲ್ಲಿತ್ತು, ಚಿಮಣಿ ಎಲ್ಲಿತ್ತು ಅನ್ನೋದು ಸಿಕ್ಕರೆ ಟ್ರೆಂಚ್, ಅಂದರೆ ಪರೀಕ್ಷೆಗೆ ತೋಡುವ ಉದ್ದನೆ ಗುಂಡಿ, ಅಲ್ಲೇ. ಜೆಸಿಬಿಗೆ ಹಲ್ಲಿಲ್ಲದ ಅಗಲವಾದ ಬಕೆಟ್ ಹಾಕಿ ಮೇಲಿನ ಕಾಂಕ್ರೀಟು, ಕಲ್ಲುಮಣ್ಣು ತೆಗೆಸುತ್ತಾರೆ. ಹಲ್ಲಿರುವ ಬಕೆಟ್ ನೆಲವನ್ನು ಕೆರೆದು ಗುರುತೆಲ್ಲ ಅಳಿಸಿಬಿಡುತ್ತೆ. ಹಳೇ ಗೋಡೆ, ನೆಲಗಟ್ಟು ಕಾಣಿಸಿದ ಕೂಡಲೇ ಯಂತ್ರ ನಿಲ್ಲಬೇಕು. ಮುಂದಿನದೆಲ್ಲ ಕರಣೆಯ ಕೆಲಸ.

ಶೆಫೀಲ್ಡ್ ನಗರವನ್ನೇ ನೋಡಿ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಆ ಊರಿನ ಬಳಿ ಮೂಸೆಯಲ್ಲಿ, ಅಂದರೆ ಬೆಂಕಿ ತಡೆಯುವ ಮಣ್ಣಿನ ಪಾತ್ರೆಯಲ್ಲಿ, ಉಕ್ಕು ಕರಗಿಸುವ ವಿಧಾನ ಕಂಡುಕೊಂಡರು. ಈ ಕುಲುಮೆಗಳ ಅಡಿಯಲ್ಲಿ ನೆಲಮಾಳಿಗೆ ಇರುತ್ತಿತ್ತು. ಗಾಳಿ ಒಳಗೆ ಬರೋದಕ್ಕೂ ಬೂದಿ ಕೆಳಗೆ ಬೀಳೋದಕ್ಕೂ ಅದೇ ದಾರಿ. ಕಟ್ಟಡ ಕೆಡವಿದವರು ಮಾಳಿಗೆಗೆ ಕಲ್ಲುಮಣ್ಣು ತುಂಬಿ ಹೋಗಿರುತ್ತಾರೆ, ಅಷ್ಟೇ. ಹೀಗಾಗಿ ಮೇಲೆ ಏನೂ ಕಾಣದಿದ್ದರೂ ಕೆಳಗೆ ಇಟ್ಟಿಗೆಯ ಕಮಾನು ಗಟ್ಟಿಯಾಗಿ ನಿಂತಿರಬಹುದು. ಮಣ್ಣಿನ ಮೂಸೆಗಳು ಮೂರು ಸಲ ಉಕ್ಕು ಕರಗಿಸುವಷ್ಟರಲ್ಲಿ ಸವೆದು ಹೋಗುತ್ತಿದ್ದವು. ಅವುಗಳ ಚೂರುಗಳು ಮಣ್ಣಿನಲ್ಲಿ ರಾಶಿ ರಾಶಿ ಸಿಗುತ್ತವೆ.

[ಕ್ಲೋಸಪ್: ಕಪ್ಪು ಮಣ್ಣಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮ್ಯಾಗ್ನೆಟ್.]

ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಇದು. ಕಾದ ಕಬ್ಬಿಣಕ್ಕೆ ಸುತ್ತಿಗೆ ಏಟು ಬಿದ್ದಾಗ ತೆಳ್ಳನೆ ಹೊಟ್ಟು ಉದುರುತ್ತೆ. ಎರಡು ತುಂಡುಗಳನ್ನು ಬಡಿದು ಬೆಸೆಯುವಾಗ ಸಣ್ಣ ಗುಂಡುಗಳೂ ಸಿಡಿಯುತ್ತವೆ. ಎರಡೂ ಮ್ಯಾಗ್ನೆಟ್ಟಿಗೆ ಅಂಟುತ್ತವೆ. ನೆಲವನ್ನು ಚೌಕಚೌಕವಾಗಿ ಭಾಗ ಮಾಡಿ, ಪ್ರತಿ ಚೌಕದ ಮಣ್ಣಲ್ಲಿ ಇವು ಎಷ್ಟಿವೆ ಅಂತ ತೂಗಿದರೆ ಕಮ್ಮಾರರ ಅಡಿಗಲ್ಲು, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ, ಎಲ್ಲಿತ್ತು ಅನ್ನೋದನ್ನೇ ಊಹಿಸಬಹುದು. ಅಡಿಗಲ್ಲನ್ನು ಯಾರೋ ಯಾವತ್ತೋ ಹೊತ್ತುಕೊಂಡು ಹೋಗಿರುತ್ತಾರೆ, ಆದರೂ!

ಅಪಾಯವೂ ಕಡಿಮೆಯಿಲ್ಲ. ಹಳೇ ಗ್ಯಾಸ್ ಕಾರ್ಖಾನೆಯ ಮಣ್ಣಲ್ಲಿ ಟಾರು, ಸಯನೈಡ್. ಕೆಲವು ಕಡೆ ಆರ್ಸೆನಿಕ್, ಕಲ್ನಾರು (ಆಸ್ಬೆಸ್ಟಾಸ್). ಅದಕ್ಕೇ ಮಣ್ಣಿನ ಪರೀಕ್ಷೆ ಮೊದಲು, ಅಗೆತ ಆಮೇಲೆ.

ಏನೂ ಸಿಗದಿದ್ದರೆ? ಅದೂ ಉತ್ತರವೇ, ವರದಿಯಲ್ಲಿ ಬರೆಯುತ್ತಾರೆ. ಆದರೆ ಟ್ರೆಂಚುಗಳು ಜಾಗದ ಸ್ವಲ್ಪ ಭಾಗವನ್ನಷ್ಟೇ ನೋಡಿರುತ್ತವೆ. ಅನುಮಾನ ಉಳಿದರೆ ಪಾಯ ತೋಡುವಾಗಲೂ ಒಬ್ಬರು ಪಕ್ಕದಲ್ಲಿ ನಿಂತು ಗಮನಿಸುತ್ತಾರೆ. ಒಳ್ಳೆಯದೇನಾದರೂ ಸಿಕ್ಕರೆ ಪಾಯದ ಪ್ಲಾನ್ ಬದಲಿಸಿ ಅದನ್ನು ಹಾಗೇ ಮುಚ್ಚಿಡಬಹುದು. ಆಗದಿದ್ದರೆ ಪೂರ್ತಿ ಅಗೆದು, ಅಳತೆ, ಫೋಟೋ, ಚಿತ್ರ ಎಲ್ಲ ಮಾಡಿಕೊಂಡ ಮೇಲೆ ಜಾಗ ಬಿಟ್ಟುಕೊಡುತ್ತಾರೆ. ಟ್ರೆಂಚ್ ಮೊದಲೇ ಹಾಕಿದರೆ ಈ ಆಯ್ಕೆ ಕೈಯಲ್ಲಿರುತ್ತೆ. ಪೈಲಿಂಗ್, ಅಂದರೆ ಪಾಯಕ್ಕೆ ಆಳವಾದ ಕಂಬ ಇಳಿಸೋದು, ಶುರುವಾದ ಮೇಲೆ ಗೊತ್ತಾದರೆ ಕೆಲಸ ನಿಲ್ಲುತ್ತೆ, ಬಾಡಿಗೆಗೆ ತಂದ ಯಂತ್ರದ ಮೀಟರ್ ಮಾತ್ರ ನಿಲ್ಲಲ್ಲ.