‘ಬೊಡ್ಚಿ’ ಅನ್ನುವ ವಯಸ್ಸು
(ಉಡುಪಿ ಹತ್ತಿರದ ಒಂದು ಅಂಗನವಾಡಿಯಲ್ಲಿ, ತಾಯಂದಿರ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಕರೆದುಕೊಂಡೇ ಬಂದಿದ್ದೀರಿ, ತುಂಬಾ ಸಂತೋಷ. ಅವರು ಓಡಾಡಲಿ ಬಿಡಿ. ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ಮಾತಾಡಲು ಬಂದು, ಅವರನ್ನೇ ಸುಮ್ನೆ ಕೂರಿಸುವುದು ಸರಿಯಲ್ಲ.

ನನ್ನ ಹತ್ತಿರ ಬರುವ ತಾಯಂದಿರು ಮೊದಲು ಹೇಳುವುದು ಹೆಚ್ಚಾಗಿ ಒಂದೇ ಮಾತು. "ಡಾಕ್ಟ್ರೇ, ಇವನು ಎಂತದೂ ತಿನ್ನುವುದಿಲ್ಲ." ಜೊತೆಗೆ ಬಂದ ಅಜ್ಜಿ, "ಮೊದಲು ಚೆನ್ನಾಗಿ ತಿನ್ನುತ್ತಿತ್ತು" ಅನ್ನುತ್ತಾರೆ. ಇಬ್ಬರು ಹೇಳುವುದೂ ನಿಜ. ಹುಟ್ಟುವಾಗ 3 ಕೆ.ಜಿ. ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕೆ.ಜಿ. ಆಗಿರುತ್ತದೆ. ಆಮೇಲೆ ಇಡೀ ಒಂದು ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಎತ್ತರವೂ ಹಾಗೆಯೇ. ಮೊದಲ ವರ್ಷ 25 ಸೆಂ.ಮೀ. ಬೆಳೆದರೆ ಎರಡನೇ ವರ್ಷ ಸುಮಾರು 12. ಬೆಳೆಯುವ ವೇಗ ಕಡಿಮೆಯಾದಾಗ ಹಸಿವೆಯೂ ಕಡಿಮೆಯಾಗುತ್ತದೆ, ಅಲ್ವಾ? ಅದು ಕಾಯಿಲೆ ಅಲ್ಲ. ಗಂಜಿ, ಮೊಟ್ಟೆ, ಮುಳ್ಳು ತೆಗೆದ ಮೀನು, ರಾಗಿ ಮಣ್ಣಿ, ಬಾಳೆಹಣ್ಣು, ಮನೆಯಲ್ಲಿ ಏನುಂಟೋ ಅದನ್ನು ಬಟ್ಟಲಲ್ಲಿ ಹಾಕಿ ಮುಂದೆ ಇಡಿ. ಎಷ್ಟು ತಿನ್ನಬೇಕು ಅನ್ನುವುದನ್ನು ಮಗುವಿಗೇ ಬಿಡಿ. ಊಟ ಮಾಡಲಿಲ್ಲ ಅಂತ ಬಾಟಲಿ ತುಂಬಾ ಹಾಲು ಕೊಡಬೇಡಿ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಹೋದರೆ ಹೊಟ್ಟೆ ಅದರಲ್ಲೇ ತುಂಬುತ್ತದೆ, ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ.

ಸರಿಯಾಗಿ ಬೆಳೆಯುತ್ತಿದೆಯಾ ಅಂತ ತಿಳಿಯಲು ಪಕ್ಕದ ಮನೆಯ ಮಗುವನ್ನು ನೋಡಬೇಡಿ. ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಗುರುತು ಮಾಡುವ ಗೆರೆಗಳನ್ನು ನೋಡಿ. ಆ ಗೆರೆಗಳ ಅಳತೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟಿತು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ನಮ್ಮ ದಿಲ್ಲಿಯ ಮಕ್ಕಳೂ ಅದರಲ್ಲಿದ್ದರು. ನಿಮ್ಮ ಮಗು ಸಣ್ಣ ಗಾತ್ರದ್ದೇ ಇರಬಹುದು. ಆದರೆ ಅದರ ಗೆರೆ ಮೇಲಕ್ಕೆ ಹೋಗುತ್ತಾ ಇರಬೇಕು. ಎರಡು ಮೂರು ತಿಂಗಳು ಅಡ್ಡಕ್ಕೆ ಹೋದರೆ ಆಗ ಬನ್ನಿ.

ಇನ್ನು ನಡಿಗೆ. ಇದರಲ್ಲಿ ನಾವು ಸುಮ್ನೆ ಅವಸರ ಮಾಡುತ್ತೇವೆ. ಆರೋಗ್ಯವಾಗಿರುವ ಮಕ್ಕಳಲ್ಲಿ ಕೆಲವರು ಎಂಟು ತಿಂಗಳಿಗೇ ನಡೆಯುತ್ತಾರೆ, ಕೆಲವರು ಹದಿನೇಳು ತಿಂಗಳು ದಾಟಿಸುತ್ತಾರೆ. ಬೇಗ ನಡೆದ ಮಗು ಜಾಸ್ತಿ ಬುದ್ಧಿವಂತ ಅಂತ ಏನೂ ಇಲ್ಲ. ವಾಕರ್ ಮಾತ್ರ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಜಗಲಿಯ ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟಾಗುತ್ತದೆ. ಬರಿಗಾಲಲ್ಲಿ ಬಿಡಿ, ಗೋಡೆ ಹಿಡಿದು ಹೋಗಲಿ. ಎರಡು ವರ್ಷದವರೆಗೆ ಕಾಲು ಸ್ವಲ್ಪ ಬಿಲ್ಲಿನ ಹಾಗೆ ಬಾಗಿದ್ದರೂ, ಪಾದ ಚಪ್ಪಟೆ ಕಂಡರೂ ಹೆದರಬೇಡಿ.

ಅವಸರ ಮಾಡಬೇಕಾದಲ್ಲಿ ನಾವು ಕಾಯುತ್ತೇವೆ. ಅದೇ ಮಾತಿನ ವಿಷಯ. ಇವತ್ತು ನಾನು ಬಂದದ್ದೇ ಇದನ್ನು ಹೇಳಲು.

ಮಾತು ಬಾಯಿಂದ ಶುರುವಾಗುವುದಿಲ್ಲ, ಬೆರಳಿನಿಂದ ಶುರುವಾಗುತ್ತದೆ. ವರ್ಷ ದಾಟಿದ ಮಗು ತೆಂಗಿನ ಮರದಲ್ಲಿ ಕೂತ ಕಾಗೆಗೆ ಬೆರಳು ತೋರಿಸಿ, ತಿರುಗಿ ನಿಮ್ಮ ಮುಖ ನೋಡುತ್ತದೆ. ಅದಕ್ಕೆ ಕಾಗೆ ಬೇಕಾಗಿಲ್ಲ. "ನೀನೂ ನೋಡಿದೆಯಾ" ಅಂತ ಕೇಳುತ್ತಿದೆ. ಆಗ ನೀವು, "ಹೌದು ಮಗಾ, ಕಾಗೆ, ಕಾ ಕಾ" ಅನ್ನಬೇಕು. ಆ ಹೊತ್ತಿಗೆ ನಿಮ್ಮ ಕಣ್ಣು ಮೊಬೈಲ್ ಮೇಲಿದ್ದರೆ ಮಗು ಎರಡು ಸಲ ನೋಡಿ ಬೆರಳು ಇಳಿಸುತ್ತದೆ. ಎರಡು ವರ್ಷದವರೆಗೆ ಮಗುವಿನ ಕೈಗೂ ಮೊಬೈಲ್ ಬೇಡವೇ ಬೇಡ. ಊಟಕ್ಕೂ ಬೇಡ.

ವರ್ಷದ ಹೊತ್ತಿಗೆ ಒಂದೆರಡು ಶಬ್ದ, ಎರಡು ವರ್ಷ ತುಂಬುವಾಗ ಎರಡು ಶಬ್ದ ಸೇರಿಸಿದ ಮಾತು. "ಅಮ್ಮ ಬಾ." ತುಳುವಿನಲ್ಲಾದರೆ "ಪೇರ್ ಬೋಡು", ಹಾಲು ಬೇಕು ಅಂತ. ನಮ್ಮ ಊರಿನಲ್ಲಿ ತಾಯಂದಿರಿಗೆ ಇನ್ನೊಂದು ಭಯ. ಮನೆಯಲ್ಲಿ ತುಳು, ಹೊರಗೆ ಕನ್ನಡ, ಪಕ್ಕದಲ್ಲಿ ಕೊಂಕಣಿ, ಬ್ಯಾರಿ. ಮಗುವಿಗೆ ಗೊಂದಲ ಆಗುವುದಿಲ್ವಾ? ಇಲ್ಲ ಮಾರಾಯ್ರೆ, ಖಂಡಿತ ಇಲ್ಲ. ಎರಡು ವರ್ಷದ ಒಂದು ಹುಡುಗಿ ನನ್ನ ಗೋಡೆಯ ಚಿತ್ರ ತೋರಿಸಿ ಅಜ್ಜಿಗೆ "ಪುಚ್ಚೆ" ಅಂದಳು. ನನ್ನ ಕಡೆ ತಿರುಗಿ "ಬೆಕ್ಕು" ಅಂದಳು. ಯಾರಿಗೆ ಯಾವ ಭಾಷೆ ಅಂತ ಅವಳಿಗೆ ಆಗಲೇ ಗೊತ್ತಿತ್ತು. ಶಬ್ದ ಲೆಕ್ಕ ಮಾಡುವಾಗ ಎಲ್ಲ ಭಾಷೆಯದ್ದೂ ಸೇರಿಸಿ ಲೆಕ್ಕ ಮಾಡಿ. ನಿಮ್ಮ ಮನಸ್ಸಿನ ಭಾಷೆಯಲ್ಲೇ ಮಾತಾಡಿ. ಇಂಗ್ಲಿಷ್ ಶಾಲೆಗೆ ಹೋಗಬೇಕು ಅಂತ ಈಗಲೇ ತುಳು ಬಿಡಬೇಡಿ.

ಈ ವಯಸ್ಸಿನಲ್ಲಿ ಎಲ್ಲ ಭಾಷೆಯಲ್ಲೂ ಗಟ್ಟಿಯಾಗಿ ಬರುವ ಶಬ್ದ ಒಂದುಂಟು. ಬೇಡ. ತುಳುವಿನಲ್ಲಿ ಬೊಡ್ಚಿ. ಕೊಂಕಣಿಯಲ್ಲಿ ನಾಕಾ. ಅಂಗಿ ಬೊಡ್ಚಿ, ಸ್ನಾನ ಬೊಡ್ಚಿ. ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಇದು ಹಠಮಾರಿತನ ಅಂತ ಹೊಡೆಯಬೇಡಿ. "ನಾನು ಬೇರೆ, ಅಮ್ಮ ಬೇರೆ" ಅಂತ ಮಗುವಿಗೆ ಹೊಳೆದಿದೆ, ಅದನ್ನು ಹೇಳಲು ಸಾಕಾಗುವಷ್ಟು ಶಬ್ದ ಇನ್ನೂ ಬಂದಿಲ್ಲ. ಪಕ್ಕದಲ್ಲಿ ಕೂತುಕೊಳ್ಳಿ, ಅಳು ಇಳಿಯಲಿ. ಸ್ನಾನ ಮಾಡುತ್ತೀಯಾ ಅಂತ ಕೇಳುವ ಬದಲು ಕೆಂಪು ಚೊಂಬಾ, ನೀಲಿ ಚೊಂಬಾ ಅಂತ ಕೇಳಿ ನೋಡಿ. ಸ್ನಾನ ಆದ ಮೇಲೆ ಬಕೆಟ್ ಖಾಲಿ ಮಾಡಿಯೇ ಹೊರಗೆ ಬನ್ನಿ. ನಾಲ್ಕು ಬೆರಳು ನೀರಿದ್ದರೂ ಈ ವಯಸ್ಸಿನ ಮಗು ತಲೆಕೆಳಗಾಗಿ ಬಿದ್ದರೆ ಏಳಲಾರದು. ಬಾವಿಗೆ ಕಟ್ಟೆ ಇದ್ದರೆ ಸಾಲದು, ಮೇಲೆ ಬಲೆ ಬೇಕು. ಅಂಗಳದಲ್ಲಿ ಅಡಿಕೆ ಒಣಹಾಕಿದ್ದರೆ ಮಗುವನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ. ಅಡಿಕೆ, ನೆಲಗಡಲೆ ಶ್ವಾಸನಾಳಕ್ಕೆ ಸಿಕ್ಕಿಕೊಂಡು ಉಸಿರು ಕಟ್ಟುತ್ತದೆ.

ಎರಡೂಕಾಲು ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದರು. ಒಂದು ಶಬ್ದವೂ ಇಲ್ಲ. "ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂತ ಮನೆಯವರೆಲ್ಲ ಸಮಾಧಾನ ಹೇಳಿದ್ದರಂತೆ. ತಾಯಿಗೆ ಮಾತ್ರ ಸಂಶಯ. ಹಿಂದಿನಿಂದ ಸ್ಟೀಲ್ ಲೋಟ ಬಿದ್ದರೂ ಅವನು ತಿರುಗುತ್ತಿರಲಿಲ್ಲ. ಪರೀಕ್ಷೆ ಮಾಡಿಸಿದೆವು, ಎರಡೂ ಕಿವಿ ಮಂದ. ಕಿವಿಗೆ ಯಂತ್ರ ಹಾಕಿದ ದಿನ ಹೊರಗೆ ಮಳೆ ಬರುತ್ತಿತ್ತು. ಅವನು ಆಟ ನಿಲ್ಲಿಸಿ ಮಾಡಿನ ಕಡೆ ಕತ್ತೆತ್ತಿದ. ತಾಯಿ ಅಲ್ಲೇ ಕೂತು ಅತ್ತರು. ಒಂದು ವರ್ಷ ಮೊದಲೇ ಬರಬಹುದಿತ್ತು ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ಕಾಯಬೇಡಿ. ವರ್ಷ ತುಂಬಿದ ಮೇಲೂ ಹೆಸರು ಕರೆದರೆ ತಿರುಗದಿದ್ದರೆ ಬನ್ನಿ. ಒಂದೂವರೆ ವರ್ಷಕ್ಕೆ ಬೆರಳು ತೋರಿಸದಿದ್ದರೆ, ಒಂದೂ ಶಬ್ದ ಇಲ್ಲದಿದ್ದರೆ, ನಡೆಯದಿದ್ದರೆ ಬನ್ನಿ. ಎರಡು ವರ್ಷಕ್ಕೆ ಎರಡು ಶಬ್ದ ಸೇರಿಸದಿದ್ದರೆ ಬನ್ನಿ. ಬಂದ ಮಾತು ಹೋಗಿಬಿಟ್ಟರೆ ಯಾವ ವಯಸ್ಸಾದರೂ ಅದೇ ವಾರ ಬನ್ನಿ. ಇಂಥ ತಪಾಸಣೆಗೆಂದೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ಬರುತ್ತದೆ, ಖರ್ಚಿಲ್ಲ. ಅವರು ಬರುವ ದಿನ ಟೀಚರ್ ಹತ್ತಿರ ಕೇಳಿಟ್ಟುಕೊಳ್ಳಿ.

ಒಳಗೆ ತಕ್ಕಡಿ ಇಟ್ಟಿದ್ದಾರೆ. ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ಬನ್ನಿ. ಯಾರಿಗಾದರೂ ಮನಸ್ಸಿನಲ್ಲಿ ಸಣ್ಣ ಸಂಶಯ ಇದ್ದರೂ ಕೊನೆಗೆ ನಿಲ್ಲಿ, ಕೂತು ಮಾತಾಡೋಣ. ನನಗೆ ಸಂಜೆಯವರೆಗೂ ಸಮಯ ಉಂಟು.