ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿ ಸಂಶೋಧಕರನ್ನು ಆರಿಸುತ್ತೀರಾ?

ನಮಸ್ಕಾರ, ಹಾಸನದಿಂದ ಮಾತಾಡುತ್ತಿದ್ದೇನೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ವಯಸ್ಸು ಮೀರಿದ ಮೇಲೆ ಅರ್ಜಿ ಹಾಕಿ ಅಳೋದ್ಯಾಕೆ? ಟೈಮಿಗೆ ಸರಿಯಾಗಿ ಓದಬೇಕಿತ್ತು." ಊಟಕ್ಕೆ ಕೂತಾಗ ಓದಿದೆ. ತುತ್ತು ಗಂಟಲಲ್ಲೇ ನಿಂತಿತು.

ವಿಷಯ ಇಷ್ಟೇ. ಸಿಎಸ್‌ಐಆರ್‌, ಅಂದರೆ ಕೇಂದ್ರ ಸರ್ಕಾರದ ವೈಜ್ಞಾನಿಕ ಸಂಶೋಧನಾ ಮಂಡಳಿಯ ಲ್ಯಾಬುಗಳಲ್ಲಿ ರಿಸರ್ಚ್ ಅಸೋಸಿಯೇಟ್ (ತಾತ್ಕಾಲಿಕ ಸಂಶೋಧಕ) ಆಗಬೇಕಾದರೆ ಪಿಎಚ್‌ಡಿ ಅಥವಾ ಅದಕ್ಕೆ ಸಮನಾದ ಅರ್ಹತೆ ಇರಬೇಕು, ವಯಸ್ಸು 35 ಮೀರಿರಬಾರದು. ಪಿಎಚ್‌ಡಿ ಕೇಳಿ, ಪೇಪರ್ ಕೇಳಿ, ಇಂಟರ್‌ವ್ಯೂನಲ್ಲಿ ಬೆವರಿಳಿಸಿ. ಹುಟ್ಟಿದ ತಾರೀಖು ಯಾಕೆ? ಪಿಎಚ್‌ಡಿ ಮುಗಿದ ತಾರೀಖಿನಿಂದ ಎಣಿಸಿ!

ಸಕಲೇಶಪುರದ ಕಡೆಯ ನನ್ನ ಗೆಳೆಯನ ಕಥೆ ಕೇಳಿ. ಎಂಎಸ್‌ಸಿ ಮುಗಿಯುವಷ್ಟರಲ್ಲಿ ಅಪ್ಪ ತೀರಿಕೊಂಡರು. ಮೂರು ಎಕರೆ ಅರೇಬಿಕಾ ಕಾಫಿ ತೋಟ, ಜೊತೆಗೆ ಸಾಲ. ಕಾಂಡ ಕೊರೆಯುವ ಹುಳ, ಬಿಳಿ ಕಾಂಡಕೊರಕ, ಹೊಕ್ಕ ಗಿಡಗಳನ್ನು ಬುಡಸಮೇತ ಕಿತ್ತು ಸುಟ್ಟ. ಆರು ವರ್ಷ ತೋಟ ನೋಡಿಕೊಂಡ. ಆಮೇಲೆ ಅದೇ ಹುಳದ ಮೇಲೆ ಪಿಎಚ್‌ಡಿಗೆ ಸೇರಿದ. ಡಿಸೆಂಬರ್ ಬಂತೆಂದರೆ ಹಗಲೆಲ್ಲ ಹಣ್ಣು ಕೊಯ್ಲು, ರಾತ್ರಿ ಕಣದಲ್ಲಿ ಟಾರ್ಪಾಲು ಹೊದಿಸಿ, ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಥೀಸಿಸ್ ಬರೆಯುತ್ತಿದ್ದ. ಪಿಎಚ್‌ಡಿ ಕೈಗೆ ಬಂದಾಗ 35 ತುಂಬಿ ಎರಡು ತಿಂಗಳು. ಒಂದು ಲ್ಯಾಬಿನ ಇಂಟರ್‌ವ್ಯೂಗೆ ಹೋದ. ಥೀಸಿಸ್ ಯಾರೂ ತೆರೆಯಲಿಲ್ಲ. ಫೈಲಿನಿಂದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೆಗೆದರು, ಜನ್ಮದಿನಾಂಕದ ಮೇಲೆ ಬೆರಳಿಟ್ಟರು, ವಾಪಸ್ ಕಳಿಸಿದರು.

ಟೈಮಿಗೆ ಓದಬೇಕಿತ್ತಂತೆ! ತೋಟ ಯಾರು ನೋಡಬೇಕಿತ್ತು, ನೀವು ಬರುತ್ತಿದ್ದಿರಾ?

ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ, ಪಿಎಚ್‌ಡಿ ಮುಗಿದು ಐದು ವರ್ಷದೊಳಗೆ ಇರಬೇಕು ಅನ್ನುತ್ತಾರೆ. ಅಲ್ಲಿ ಎಣಿಕೆ ಶುರುವಾಗುವುದು ಪಿಎಚ್‌ಡಿಯಿಂದ. ನಮ್ಮಲ್ಲಿ ತೊಟ್ಟಿಲಿನಿಂದ!

"ಸಡಿಲಿಕೆ ಇದೆಯಲ್ಲ" ಅನ್ನುವವರಿಗೆ: ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ 5 ವರ್ಷ ಇದೆ, ಇರಲೇಬೇಕು. ಆದರೆ 40 ದಾಟಿದ ಮೇಲೆ ಅವರಿಗೂ ಇದೇ ಗೋಡೆ, ಅಲ್ವಾ? "ವಯಸ್ಸಾದವರಲ್ಲಿ ಹುಮ್ಮಸ್ಸು ಇರಲ್ಲ" ಅನ್ನುವವರೂ ಇದ್ದಾರೆ. ಅದೇ ಲ್ಯಾಬಿನ ವಿಜ್ಞಾನಿ 60ರವರೆಗೆ ಕೆಲಸ ಮಾಡುತ್ತಾರಲ್ಲ, ಅವರ ಹುಮ್ಮಸ್ಸು ಎಲ್ಲಿಂದ ಬಂತು? ಸುಮ್ನೆ ಏನೋ ಹೇಳಬೇಡಿ.

ಇದೇನು ಪಿಂಚಣಿ ಬರುವ ಕೆಲಸವಾ? 2023ರ ಜನವರಿಯಿಂದ ತಿಂಗಳಿಗೆ 58,000, ಮೇಲೆ ಮನೆ ಬಾಡಿಗೆ ಭತ್ಯೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಇಷ್ಟಕ್ಕೂ ಜನ್ಮದಿನಾಂಕ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಬಗ್ಗೆ ಮಾಡುತ್ತೇನೆ. 1925ರಲ್ಲಿ ಶುರುವಾದದ್ದು, ನಮ್ಮ ಪಕ್ಕದ ಜಿಲ್ಲೆಯದ್ದೇ.

ಪಿಎಚ್‌ಡಿ ತಾರೀಖಿನಿಂದ ಎಣಿಸಿ. ಇನ್ನೂ ನೂರು ಸಲ ಹೇಳುತ್ತೇನೆ, ಪಿಎಚ್‌ಡಿ ತಾರೀಖಿನಿಂದ! ವಯಸ್ಸಿನ ಕಾರಣಕ್ಕೆ ವಾಪಸ್ ಬಂದವರು ಎಷ್ಟು ದಿನದಲ್ಲಿ ತಪ್ಪಿತು ಅಂತ ಕಾಮೆಂಟ್ ಹಾಕಿ. ಒಂದೊಂದನ್ನೂ ಇಲ್ಲೇ ಕೂತು ಓದುತ್ತೇನೆ.