ಗಿಟಾರೇ ಸೊಲ್ಲು ಕೊಟ್ಟಾಗ

ಕೇಳುಗರಿಗೆಲ್ಲ ನಮಸ್ಕಾರ.

1964ರ ಮೇ 7. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವಿಲ್‌ಬ್ರಹಾಂ ರೋಡ್ ಅಂತ ಒಂದು ಹಳೇ ರೈಲ್ವೆ ಸ್ಟೇಷನ್. ಅಲ್ಲಿ ಪ್ರಯಾಣಿಕರು ಹತ್ತಿ ಇಳಿಯೋದು ನಿಂತು ಕೆಲವು ವರ್ಷ ಆಗಿತ್ತು. ಗ್ರನಾಡಾ ಟೆಲಿವಿಷನ್ನಿನವರು ಅದನ್ನ ಅಮೆರಿಕದ ದಕ್ಷಿಣ ಭಾಗದ ಯಾವುದೋ ಹಳ್ಳಿ ಸ್ಟೇಷನ್ ಥರ ಮಾಡಿದ್ದರು. ಮರದ ಪೆಟ್ಟಿಗೆ, ಮೂಟೆ, ಕೋಳಿ, ಮೇಕೆ ಎಲ್ಲ ತಂದಿಟ್ಟಿದ್ದರು. ಒಂದು ಪ್ಲಾಟ್‌ಫಾರ್ಮಿನಲ್ಲಿ ಹಾಡುವವರು. ಹಳಿಯ ಆಚೆ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕೇಳುವವರು, ಜಾಸ್ತಿ ಕಾಲೇಜು ವಯಸ್ಸಿನ ಹುಡುಗ ಹುಡುಗಿಯರೇ. ಅವತ್ತು ಮಳೆ ಬಂತು. ಮ್ಯಾಂಚೆಸ್ಟರಿನಲ್ಲಿ ಮಳೆ ಬರೋದು ದೊಡ್ಡ ವಿಷಯ ಅಲ್ಲ, ಆದರೆ ಮಳೆ ನೋಡಿ ಒಬ್ಬ ಹೆಂಗಸು ತಾವು ಮೊದಲು ಹಾಡಬೇಕಿದ್ದ ಹಾಡನ್ನೇ ಬದಲಾಯಿಸಿಬಿಟ್ಟರು.

ಆಕೆಗೆ ಆಗ 49 ವರ್ಷ. ಕುದುರೆ ಗಾಡಿಯಲ್ಲಿ ಬಂದು ಇಳಿದರು. ತಿಳಿ ಬಣ್ಣದ ಉದ್ದ ಕೋಟು, ಎತ್ತರದ ಹಿಮ್ಮಡಿಯ ಚಪ್ಪಲಿ, ಒದ್ದೆ ನೆಲ. ಒಬ್ಬರು ಕೈ ಹಿಡಿದು ಪ್ಲಾಟ್‌ಫಾರ್ಮಿನ ಮೇಲೆ ಕರೆತಂದರು. ಬಿಳಿ ಬಣ್ಣದ ಗಿಬ್ಸನ್ ಎಲೆಕ್ಟ್ರಿಕ್ ಗಿಟಾರನ್ನ ಹೆಗಲಿಗೆ ಹಾಕಿಕೊಂಡರು. 'ಡಿಡಂಟ್ ಇಟ್ ರೇನ್' ಅಂತ ಶುರು ಮಾಡಿದರು. ಬೈಬಲಿನಲ್ಲಿ ಬರೋ ನೋಹನ ಕಾಲದ ಪ್ರಳಯದ ಮಳೆಯ ಹಾಡು ಅದು.

ಈ ದೃಶ್ಯವನ್ನ ನಾನು ಮೊದಲ ಸಲ ನೋಡಿದ್ದು ಮೊಬೈಲಿನಲ್ಲಿ, ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ. ಹಾಡಿನ ನಡುವೆ ಒಂದು ಕಡೆ ಆಕೆ ಹಾಡೋದು ನಿಲ್ಲಿಸಿ ಗಿಟಾರನ್ನ ಮಾತಾಡಲು ಬಿಡುತ್ತಾರೆ. ನಾನು ಎದ್ದು ಕೂತುಬಿಟ್ಟೆ. ಅಷ್ಟು ದಿನ ರಾಕ್ ಅಂ‍ಡ್ ರೋಲ್ ಅಂದರೆ ಎಲ್ವಿಸ್ ಪ್ರೆಸ್ಲಿ, ಚಕ್ ಬೆರ್ರಿ, ಹೀಗೆ ಗಂಡಸರ ಹೆಸರುಗಳೇ ನನ್ನ ತಲೆಯಲ್ಲಿದ್ದವು. ಅವರೆಲ್ಲ ಇನ್ನೂ ಹುಡುಗರಾಗಿದ್ದಾಗಲೇ ಈ ಕೆಲಸ ಮಾಡುತ್ತಿದ್ದವರು ಈಕೆ. ಹೆಸರು ಸಿಸ್ಟರ್ ರೊಸೆಟಾ ಥಾರ್ಪ್.

ಹುಟ್ಟಿದ್ದು 1915ರಲ್ಲಿ, ಅಮೆರಿಕದ ಅರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಅನ್ನೋ ಊರಿನಲ್ಲಿ. ಊರಿನ ಹೆಸರಲ್ಲೇ ಹತ್ತಿ ಇದೆ ನೋಡಿ. ಹತ್ತಿ ಹೊಲಗಳ ಸೀಮೆ ಅದು. ತಾಯಿ ಕೇಟಿ ಬೆಲ್ ನ್ಯೂಬಿನ್ ಮ್ಯಾಂಡೊಲಿನ್ ನುಡಿಸುತ್ತಾ ಹಾಡುತ್ತಾ ಊರೂರು ಸುತ್ತಿ ಸುವಾರ್ತೆ ಸಾರುವವರು. ಅವರ ಸಭೆಯ ಹೆಸರು ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್. ಇದನ್ನ ಸುಮ್ನೆ ಹೇಳುತ್ತಿಲ್ಲ, ಎಲ್ಲಾ ಶುರುವಾಗೋದು ಇಲ್ಲಿಂದಲೇ. ಆ ಕಾಲದಲ್ಲಿ ಎಷ್ಟೋ ಸಭೆಗಳಲ್ಲಿ ಗಿಟಾರು, ಡ್ರಮ್ಮು ಅಂದರೆ ಕುಡಿಯೋ ಜಾಗದ ವಾದ್ಯ ಅಂತ ಹೊರಗಿಟ್ಟಿದ್ದರು. ಇವರ ಸಭೆಯಲ್ಲಿ ಹಾಗಿರಲಿಲ್ಲ. ತಂತಿವಾದ್ಯದಿಂದ ಸ್ತುತಿಸಿರಿ, ತಾಳದಿಂದ ಸ್ತುತಿಸಿರಿ ಅಂತ ಬೈಬಲಿನ 150ನೆಯ ಕೀರ್ತನೆಯಲ್ಲೇ ಇದೆ ಅಲ್ವಾ, ಅದನ್ನ ಅವರು ಅಕ್ಷರಶಃ ತೆಗೆದುಕೊಂಡಿದ್ದರು. ಚಪ್ಪಾಳೆ, ತಂಬೂರಿನ್ ಅನ್ನೋ ಕೈಯಲ್ಲಿ ಬಡಿಯೋ ವಾದ್ಯ, ಕುಣಿತ, ಕೂಗು, ಎಲ್ಲವೂ ಪ್ರಾರ್ಥನೆಯೇ.

ರೊಸೆಟಾ ಎಳೆಯ ವಯಸ್ಸಿನಲ್ಲೇ ಗಿಟಾರ್ ಹಿಡಿದಳು. ಆರು ವರ್ಷದ ಹೊತ್ತಿಗೆ ತಾಯಿ ಮಗಳು ಶಿಕಾಗೋ ಸೇರಿದರು. ದಕ್ಷಿಣದಿಂದ ಉತ್ತರದ ಊರುಗಳಿಗೆ ಕರಿಯ ಜನರು ಲಕ್ಷಗಟ್ಟಲೆ ಗುಳೆ ಹೋಗುತ್ತಿದ್ದ ಕಾಲ ಅದು. ಪುಟ್ಟ ಹುಡುಗಿಯನ್ನ ಎಲ್ಲರಿಗೂ ಕಾಣೋ ಹಾಗೆ ಎತ್ತರದಲ್ಲಿ ನಿಲ್ಲಿಸಿ ಹಾಡಿಸುತ್ತಿದ್ದರು. ಹಾಡುವ, ಗಿಟಾರ್ ನುಡಿಸುವ ಪವಾಡ ಅಂತಲೇ ಅವಳ ಹೆಸರನ್ನ ಸಾರುತ್ತಿದ್ದರು.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದಿರೋ ಮಾತಿಗೆ ಬರುತ್ತೇನೆ.

ನಮ್ಮೂರ ಭಜನೆ ಮನೆಯಲ್ಲಿ ಶನಿವಾರ ಸಂಜೆ ಏನಾಗುತ್ತೆ? ಮುಂದೆ ಕೂತವರು ಒಂದು ಸಾಲು ಹೇಳುತ್ತಾರೆ. ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಆ ಸೊಲ್ಲು ಬಾರದೇ ಹೋದರೆ ಹೇಳುವವರು ಎಷ್ಟು ಚೆನ್ನಾಗಿ ಹೇಳಿದರೂ ಭಜನೆ ಏರೋದಿಲ್ಲ. ಕರಿಯರ ಸಭೆಗಳಲ್ಲೂ ಹೀಗೇ. ಬೋಧಕರು ಒಂದು ಮಾತು ಹೇಳಿದರೆ ಸಭೆ ತಿರುಗಿ ಉತ್ತರ ಕೊಡುತ್ತೆ, ಆ ಉತ್ತರದ ಮೇಲೆ ಮುಂದಿನ ಮಾತು ಏರುತ್ತೆ. ರೊಸೆಟಾ ಬೆಳೆದದ್ದು ಈ ಸದ್ದಿನ ನಡುವೆ. ಆದರೆ ಸಭೆ ಬಿಟ್ಟು ಹೊರಗೆ, ರೆಕಾರ್ಡಿಂಗ್ ಕೋಣೆಯಲ್ಲಿ, ಪಟ್ಟಣದ ಕ್ಲಬ್ಬಿನಲ್ಲಿ ಒಬ್ಬರೇ ನಿಂತಾಗ ಸೊಲ್ಲು ಕೊಡಲು ಯಾರಿದ್ದಾರೆ? ಗಿಟಾರ್ ಇತ್ತು. ಒಂದು ಸಾಲು ಹಾಡುತ್ತಾರೆ, ಸಾಲು ಮುಗಿಯೋ ಜಾಗದಲ್ಲಿ ಗಿಟಾರ್ ಒಂದೊಂದೇ ಸ್ವರದಲ್ಲಿ ಉತ್ತರ ಹೇಳುತ್ತೆ. ಕೊನೆಗೆ ಹಾಡುವವರೇ ಸುಮ್ಮನಾಗಿ ಗಿಟಾರಿಗೇ ಪೂರ್ತಿ ಜಾಗ ಬಿಡುತ್ತಾರೆ. ಒಂದು ಇಡೀ ಸಭೆಯ ಕೆಲಸವನ್ನ ಆರು ತಂತಿಗೆ ಒಪ್ಪಿಸಿದ್ದು, ನನ್ನ ಕಿವಿಗೆ ಕೇಳಿಸುವ ಮಟ್ಟಿಗೆ, ರೊಸೆಟಾ ಮಾಡಿದ ದೊಡ್ಡ ಕೆಲಸ. ಎಷ್ಟೋ ರಾಕ್ ಹಾಡುಗಳ ನಡುವೆ ಗಿಟಾರಿನವರು ಮುಂದೆ ಬಂದು ನುಡಿಸೋ ಒಂದು ಭಾಗ ಇರುತ್ತಲ್ಲ, ಅದನ್ನ ಕೇಳುವಾಗೆಲ್ಲ ನನಗೆ ಆ ಸಭೆ ನೆನಪಾಗುತ್ತೆ.

ಕೈಚಳಕದ ಮಾತನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಎಲ್ಲರೂ ಗಿಟಾರನ್ನ ಶ್ರುತಿ ಮಾಡೋ ಕ್ರಮದಲ್ಲಿ, ಎಡಗೈ ಬೆರಳು ಇಡದೆ ಆರೂ ತಂತಿಯನ್ನ ಮೀಟಿದರೆ ಬರೋ ಸದ್ದು ಕಿವಿಗೆ ಕೂಡೋದಿಲ್ಲ. ರೊಸೆಟಾ ಕೆಲವು ತಂತಿಗಳನ್ನ ಸಡಿಲ ಮಾಡಿ ಬೇರೆ ಥರ ಕೂಡಿಸುತ್ತಿದ್ದರು. ಆಗ ಬರಿಗೈಲಿ ಮೀಟಿದರೂ ಆರೂ ತಂತಿ ಸೇರಿ ಒಂದೇ ಶ್ರುತಿಯಲ್ಲಿ ತುಂಬಿ ನುಡಿಯುತ್ತೆ. ತತ್ವಪದದವರ ತಂಬೂರಿ ನುಡಿಯೋ ಹಾಗೆ ಅಂದುಕೊಳ್ಳಿ. ದಕ್ಷಿಣದ ಹಳ್ಳಿಗಳಲ್ಲಿ ಬ್ಲೂಸ್ ಅನ್ನೋ ಕರಿಯರ ಹಾಡು ಹಾಡುವವರಲ್ಲಿ ಇದ್ದ ಕ್ರಮವೇ ಅದು. ಇದರಿಂದ ಹೆಬ್ಬೆರಳು ದಪ್ಪ ತಂತಿಯ ಮೇಲೆ ನಡಿಗೆ ಹಿಡಿದಿರುತ್ತೆ, ಉಳಿದ ಬೆರಳು ಸಣ್ಣ ತಂತಿಗಳ ಮೇಲೆ ಹಾಡಿನ ಎಳೆ ನೇಯುತ್ತಾ ಹೋಗುತ್ತವೆ. ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂದ ಮೇಲಂತೂ ಆ ಎಳೆಗೆ ದೊಡ್ಡ ದನಿ ಸಿಕ್ಕಿತು.

1938ರಲ್ಲಿ ರೊಸೆಟಾ ನ್ಯೂಯಾರ್ಕಿಗೆ ಬಂದರು. ಅಷ್ಟರಲ್ಲಿ ಥಾಮಸ್ ಥಾರ್ಪ್ ಅನ್ನೋ ಬೋಧಕರ ಜೊತೆ ಮದುವೆಯಾಗಿ, ಅದು ಸರಿಹೋಗದೆ, ಹೆಸರೊಂದು ಮಾತ್ರ ಉಳಿದಿತ್ತು. ಅಕ್ಟೋಬರ್ 31ಕ್ಕೆ ಡೆಕ್ಕಾ ಅನ್ನೋ ರೆಕಾರ್ಡ್ ಕಂಪನಿಗೆ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಅದೇ ವರ್ಷ ಕಾಟನ್ ಕ್ಲಬ್ಬಿನಲ್ಲಿ ಕ್ಯಾಬ್ ಕ್ಯಾಲೊವೇ ಅವರ ವಾದ್ಯವೃಂದದ ಜೊತೆ ಹಾಡಿದರು. ಡಿಸೆಂಬರ್ 23ಕ್ಕೆ ಅಲ್ಲಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್. ಒಂದೇ ವರ್ಷದಲ್ಲಿ ಇಷ್ಟು.

ಆ ನಾಲ್ಕು ಹಾಡಿನಲ್ಲಿ ಒಂದು 'ರಾಕ್ ಮಿ'. ಥಾಮಸ್ ಡಾರ್ಸಿ ಬರೆದ ಭಕ್ತಿಗೀತೆ, ದೇವರೇ ನನ್ನನ್ನ ನಿನ್ನ ಎದೆಯಲ್ಲಿ ಅಡಗಿಸಿಕೋ ಅನ್ನೋ ಹಾಡು. ಕ್ಲಬ್ಬಿನ ಮಬ್ಬು ಬೆಳಕಿನಲ್ಲಿ, ಹಿಂದೆ ಸ್ವಿಂಗ್ ಬ್ಯಾಂಡ್ ನುಡಿಯುವಾಗ, ನನ್ನನ್ನ ತೂಗು ಅಂತ ಹಾಡಿದರೆ ಕೇಳುವವರಿಗೆ ಅದು ದೇವರಿಗೋ ಪ್ರಿಯಕರನಿಗೋ ತಿಳಿಯುತ್ತಿರಲಿಲ್ಲ. ಸಭೆಯವರು ನೊಂದುಕೊಂಡರು. ದೇವರ ಹಾಡನ್ನ ಕುಡಿಯುವವರ ಮುಂದೆ ಹಾಡಿದಳು ಅಂತ ಕೋಪ. ಈ ಕೋಪ ನಮಗೆ ಹೊಸದಲ್ಲ. ದಾಸರ ಪದವನ್ನ ಸಿನಿಮಾ ಮಟ್ಟಿನಲ್ಲಿ ಹೇಳಿದ್ದಕ್ಕೆ ಭಜನೆಯ ನಡುವೆಯೇ ಎದ್ದು ಹೋದ ಹಿರಿಯರೊಬ್ಬರನ್ನ ನಾನೇ ಚಿಕ್ಕವನಿದ್ದಾಗ ನೋಡಿದ್ದೇನೆ. ಅವರ ನೋವು ಸುಳ್ಳಲ್ಲ. ಹಾಗೇ ರೊಸೆಟಾ ಅವರ ಭಕ್ತಿಯೂ ಸುಳ್ಳಲ್ಲ, ಕೊನೆಯವರೆಗೂ ಹೆಸರಿನ ಮುಂದೆ ಸಿಸ್ಟರ್ ಅಂತಲೇ ಇಟ್ಟುಕೊಂಡಿದ್ದರು.

ಆಮೇಲೆ 1944. ಪಿಯಾನೋದಲ್ಲಿ ಸ್ಯಾಮಿ ಪ್ರೈಸ್, ಜೊತೆಗೆ ಬಾಸ್ ಮತ್ತು ಡ್ರಮ್ಸ್, ಅಷ್ಟೇ. ಹಾಡು 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ'. ದಿನಾ ಏನೇನೋ ವಿಚಿತ್ರ ನಡೀತಿದೆ ಅನ್ನೋ ಅರ್ಥ. ನಿಮಗೆ ಸಮಯ ಸಿಕ್ಕಾಗ ದಯವಿಟ್ಟು ಕೇಳಿ. ಪಿಯಾನೋದ ಎಡಗೈ ಬೂಗಿವೂಗಿ ನಡಿಗೆಯಲ್ಲಿ ಉರುಳುತ್ತಾ ಹೋಗುತ್ತೆ, ಹಿಂದಿನಿಂದ ಗಂಡಸರ ದನಿ ಎವ್ರಿ ಡೇ ಅಂತ ಸೊಲ್ಲು ಕೊಡುತ್ತೆ, ನಡುವೆ ಗಿಟಾರ್ ಬಂದು ಚಟಪಟ ಅಂತ ತನ್ನ ಮಾತು ಹೇಳಿ ಹೋಗುತ್ತೆ. 1945ರಲ್ಲಿ ಈ ಹಾಡು, ಬಿಲ್‌ಬೋರ್ಡ್ ಪತ್ರಿಕೆ ಆಗ ಕರಿಯರ ಸಂಗೀತಕ್ಕೆ ಅಂತ ಬೇರೆಯಾಗಿ ಮಾಡುತ್ತಿದ್ದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಎಲ್ವಿಸ್ ಅವರ ಮೊದಲ ರೆಕಾರ್ಡ್ ಹೊರಬಂದದ್ದು 1954ರಲ್ಲಿ. ರೊಸೆಟಾ ಅವರ ಈ ಹಾಡೇ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅನ್ನುವವರಿದ್ದಾರೆ. ಮೊದಲನೆಯದು ಯಾವುದು ಅನ್ನೋ ಜಗಳ ನನಗೆ ಬೇಡ. ಆದರೆ ಈ ಹಾಡು ಕೇಳಿ ಎಲ್ವಿಸ್ ಕೇಳಿದರೆ ದಾರಿ ಯಾವ ಕಡೆಯಿಂದ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

1946ರಲ್ಲಿ ಮೇರಿ ನೈಟ್ ಅನ್ನೋ ಹಾಡುಗಾರ್ತಿ ಜೊತೆಯಾದರು. ಇಬ್ಬರೂ ಸೇರಿ ಹಾಡಿದ 'ಅಪ್ ಅಬವ್ ಮೈ ಹೆಡ್' ಅಂತ ಒಂದು ಹಾಡಿದೆ. ರೊಸೆಟಾ ಒಂದು ಸಾಲು ಹೇಳುತ್ತಾರೆ, ಮೇರಿ ಅದನ್ನೇ ತಿರುಗಿ ಹೇಳುತ್ತಾರೆ. ಒಂದರ ಬಾಲ ಹಿಡಿದು ಇನ್ನೊಂದು ದನಿ. ಗಿಟಾರಿಗೆ ಒಬ್ಬಳು ಗೆಳತಿ ಸಿಕ್ಕ ಹಾಗಿದೆ.

ಮರುವರ್ಷ, 1947ರಲ್ಲಿ, ಜಾರ್ಜಿಯಾದ ಮೇಕನ್ ಊರಿನ ಸಭಾಂಗಣದಲ್ಲಿ ರೊಸೆಟಾ ಅವರ ಕಾರ್ಯಕ್ರಮ. ಅಲ್ಲಿ ಕೋಕಾಕೋಲಾ ಮಾರುತ್ತಿದ್ದ 14 ವರ್ಷದ ಹುಡುಗನೊಬ್ಬ ಕಾರ್ಯಕ್ರಮಕ್ಕೆ ಮುಂಚೆ ಇವರದೇ ಹಾಡು ಹಾಡುತ್ತಿದ್ದ. ಇವರ ಕಿವಿಗೆ ಬಿತ್ತು. ಅವತ್ತೇ ಅವನನ್ನ ವೇದಿಕೆಗೆ ಕರೆದು ಹಾಡಿಸಿದರು, ಕೈಗೆ ದುಡ್ಡನ್ನೂ ಕೊಟ್ಟರು. ಆ ಹುಡುಗನೇ ಮುಂದೆ ಹೆಸರಾಂತ ರಾಕ್ ಹಾಡುಗಾರ ಲಿಟಲ್ ರಿಚರ್ಡ್ ಆದ. ಹಾಡುಗಾರ ಜಾನಿ ಕ್ಯಾಶ್ 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಗೌರವದ ಪಟ್ಟಿಗೆ ಸೇರಿದ ದಿನ ಮಾಡಿದ ಭಾಷಣದಲ್ಲಿ ಇವರ ಹೆಸರು ಹೇಳಿದರು. ರೊಸೆಟಾ ಅವರನ್ನ ಅದೇ ಹಾಲ್ ಆಫ್ ಫೇಮಿಗೆ ಸೇರಿಸಿದ್ದು 2018ರಲ್ಲಿ. ಇಪ್ಪತ್ತಾರು ವರ್ಷ ತಡ. ಇದನ್ನ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ.

ಊರೂರು ಸುತ್ತುವ ದಿನಗಳು ಸುಲಭ ಇರಲಿಲ್ಲ. ಹೆಸರು ದೊಡ್ಡದು, ಟಿಕೆಟ್ ಎಲ್ಲ ಮಾರಿ ಹೋಗಿದೆ, ಆದರೆ ಆ ಊರಿನ ಹೋಟೆಲಿನಲ್ಲಿ ಕರಿಯರಿಗೆ ಕೋಣೆ ಇಲ್ಲ, ಊಟ ಇಲ್ಲ. ಅದಕ್ಕೇ ಸ್ವಂತ ಬಸ್ಸು ಇಟ್ಟುಕೊಂಡಿದ್ದರು, ಮಲಗೋದು ಅದರಲ್ಲೇ. ಜಾರ್ಡನೇರ್ಸ್ ಅಂತ ಬಿಳಿಯ ಹುಡುಗರ ಹಾಡುಗಾರ ತಂಡವೊಂದು ಕೆಲವು ಕಾಲ ಇವರ ಜೊತೆ ಸುತ್ತಿತ್ತು. ಬಿಳಿಯರ ಹೋಟೆಲಿಗೆ ಅವರು ಹೋಗಿ ಊಟ ಕಟ್ಟಿಸಿಕೊಂಡು ಬಂದು ಕೊಡುತ್ತಿದ್ದರು. ಅದೇ ಜಾರ್ಡನೇರ್ಸ್ ಮುಂದೆ ಎಲ್ವಿಸ್ ಅವರ ಹಿಂದೆ ನಿಂತು ಹಾಡಿದವರು.

1951ರ ಜುಲೈ 3ರಂದು ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಇವರ ಮೂರನೇ ಮದುವೆ. ಅದೂ ಟಿಕೆಟ್ ಇಟ್ಟು. ಬಂದವರು ಸುಮಾರು 20,000 ಜನ. ಮದುವೆ ಬಟ್ಟೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು, ಡೆಕ್ಕಾ ಕಂಪನಿ ಅದನ್ನ ರೆಕಾರ್ಡ್ ಮಾಡಿ ಮಾರಿತು ಕೂಡ. ಆದರೆ ಆ ಎತ್ತರ ಜಾಸ್ತಿ ದಿನ ಉಳಿಯಲಿಲ್ಲ. 50ರ ದಶಕದಲ್ಲಿ ರಾಕ್ ಅಂಡ್ ರೋಲ್ ಹುಡುಗರು ಬಂದರು, ಜನ ಆ ಕಡೆ ತಿರುಗಿದರು. 1957ರಲ್ಲಿ ಕ್ರಿಸ್ ಬಾರ್ಬರ್ ಅವರ ಜಾಝ್ ಬ್ಯಾಂಡ್ ಇಂಗ್ಲೆಂಡಿಗೆ ಕರೆಸಿಕೊಂಡಿತು. ಅಲ್ಲಿಂದ ಕೈ ಹಿಡಿದಿದ್ದು ಯುರೋಪು.

ಹಾಗೆ ಬಂದಿದ್ದು ಆ ಮ್ಯಾಂಚೆಸ್ಟರ್ ಪ್ಲಾಟ್‌ಫಾರ್ಮಿಗೆ. ಆ ಚಿತ್ರ ಮತ್ತೆ ನೋಡಿದಾಗ ನನ್ನ ಕಣ್ಣು ಎದುರಿನ ಪ್ಲಾಟ್‌ಫಾರ್ಮಿನ ಕಡೆಗೇ ಹೋಯಿತು. ಮೊದಲಿಗೆ ಸ್ವಲ್ಪ ಸಂಕೋಚದಲ್ಲಿ ಕೂತಿದ್ದ ಇಂಗ್ಲಿಷ್ ಹುಡುಗರು, ಆಮೇಲೆ ಹಾಡಿನ ತಾಳಕ್ಕೆ ಚಪ್ಪಾಳೆ ಹೊಡೆಯುತ್ತಾರೆ. ನಡುವೆ ಎರಡು ಹಳಿ, ಮಳೆ ನೀರು. ಅವತ್ತು ಸೊಲ್ಲು ಆಚೆ ದಡದಿಂದಲೂ ಬರುತ್ತಿತ್ತು.

1970ರಲ್ಲಿ ಪಾರ್ಶ್ವವಾಯು ಹೊಡೆಯಿತು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆಯಬೇಕಾಯಿತು. ಅದಾದ ಮೇಲೂ ಕೂತುಕೊಂಡು ಹಾಡಿದರು. 1973ರ ಅಕ್ಟೋಬರ್ 9ಕ್ಕೆ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ನಾರ್ತ್‌ವುಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಜಾಗದ ಮೇಲೆ ಹೆಸರು ಬರೆದ ಒಂದು ಕಲ್ಲು ನಿಂತಿದ್ದು ಎಷ್ಟೋ ವರ್ಷ ಕಳೆದು, ಅಭಿಮಾನಿಗಳು ಸಂಗೀತ ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿದ ಮೇಲೆ.

ಮಣ್ಣು ಮಾಡುವ ಮುಂಚೆ ಕೂದಲು ತಿದ್ದಿ, ಮುಖಕ್ಕೆ ಬಣ್ಣ ಹಚ್ಚಿ ಅವರನ್ನ ಸಿದ್ಧ ಮಾಡಿದವರು ಮೇರಿ ನೈಟ್. ಆ ಹಾಡಿನಲ್ಲಿ ಒಂದೊಂದು ಸಾಲಿಗೂ ತಿರುಗಿ ಹೇಳಿದ ದನಿ ಅವರದೇ.

ನಮಸ್ಕಾರ.